ಹಣ ಯಾರದು, ಹೊಣೆ ಯಾರದು?

ಶಾಲೆ ತೆರೆದ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಕೆ ಮುಗಿಯುವ ತನಕ ಕಾಸರಗೋಡಿನ ಕನ್ನಡ ಶಾಲೆಗಳ ಅಧ್ಯಾಪಕರಾದ ನಮಗೆ ನೆಮ್ಮದಿಯಿಲ್ಲ. ಮಕ್ಕಳು ಕಡಿಮೆಯಾದರೆ ಡಿವಿಜನ್ ಹೋಯಿತು. ಡಿವಿಜನ್ ಹೋದರೆ ಹುದ್ದೆ ಹೋಯಿತು. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ಸರಕಾರ ಕೊಡುವುದಿಲ್ಲ, ನಮ್ಮವರಲ್ಲಿ ಹಣವಿಲ್ಲ. ಹಣವೊಂದಿದ್ದರೆ ಎಲ್ಲ ಸರಿಯಾದೀತೇ? ಇದನ್ನು ತಿಳಿಯಲು ಲಂಡನ್ನಿನ ಒಂದು ಯಹೂದಿ ಶಾಲೆಯ ಚರಿತ್ರೆಯನ್ನು ನೋಡಬಹುದು.

1732ರಲ್ಲಿ ಬಡ ಹುಡುಗರಿಗಾಗಿ ಯಹೂದಿಗಳು ಆರಂಭಿಸಿದ ಧರ್ಮಶಾಲೆಯೇ ಮುಂದೆ 'ಜ್ಯೂಸ್ ಫ್ರೀ ಸ್ಕೂಲ್' ಆಗಿ ಬೆಳೆಯಿತು. ಕುಬೇರರಾದ ರಾತ್‌ಸ್ಚೈಲ್ಡ್ ಮನೆತನದವರು ಅದಕ್ಕೆ ಧಾರಾಳವಾಗಿ ಕೊಟ್ಟರು. ಮಕ್ಕಳಿಗೆ ಬಟ್ಟೆ, ಬೂಟುಗಳನ್ನೂ ಒದಗಿಸಿದರು. ಮೋಸೆಸ್ ಏಂಜೆಲ್ ಎಂಬವರು 1842ರಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮುಖ್ಯೋಪಾಧ್ಯಾಯರಾಗಿದ್ದರು. 1900ರ ಸುಮಾರಿಗೆ ಅಲ್ಲಿ 4000ದಷ್ಟು ಮಕ್ಕಳು ಓದುತ್ತಿದ್ದರು. ಹಣವೂ ಇತ್ತು, ಗಟ್ಟಿ ನಾಯಕತ್ವವೂ ಇತ್ತು.

ಆದರೆ ಆ ನಾಯಕತ್ವ ಒಂದು ತೀರ್ಮಾನ ಮಾಡಿತ್ತು. ಪೂರ್ವ ಯೂರೋಪಿನಿಂದ ಓಡಿ ಬಂದವರ ಮಕ್ಕಳು ಮನೆಯಲ್ಲಿ ಆಡುತ್ತಿದ್ದ ಯಿಡ್ಡಿಶ್ ಭಾಷೆ ಬೇಡ, ಮಕ್ಕಳು ಇಂಗ್ಲಿಷರಾಗಬೇಕು. ಕೊಡುವ ಶ್ರೀಮಂತರಿಗೂ ಅದೇ ಬೇಕಿತ್ತು. ಬಡ ಮಕ್ಕಳಿಗೆ ವಿದ್ಯೆ, ಉದ್ಯೋಗ ಸಿಕ್ಕಿದ್ದು ಸಣ್ಣ ಉಪಕಾರವಲ್ಲ. ಧರ್ಮದ ಪಾಠವೂ ಉಳಿಯಿತು. ಮನೆಯ ಮಾತಿಗೆ ಮಾತ್ರ ಶಾಲೆಯ ಬಾಗಿಲು ಮುಚ್ಚಿತು. ಆ ಬಾಗಿಲು ಮುಚ್ಚಿದವರು ಪರಕೀಯರಲ್ಲ, ಸಮುದಾಯದ ಹಿರಿಯರೇ.

ಎರಡನೇ ಮಹಾಯುದ್ಧದ ಬಾಂಬಿಗೆ ಹಳೆಯ ಕಟ್ಟಡ ನೆಲಸಮವಾಯಿತು. 1958ರಲ್ಲಿ ಶಾಲೆ ಬೇರೆಡೆ ಮತ್ತೆ ತೆರೆಯಿತು. ಇಂದು ಅದು ನಮ್ಮ ಐಡೆಡ್ ಶಾಲೆಗಳಂತೆ ಸರಕಾರದ ನೆರವಿನ ಪ್ರೌಢಶಾಲೆ. ಅಧ್ಯಾಪಕರ ಸಂಬಳ ಸರಕಾರದ್ದು. ಧರ್ಮದ ಪಾಠದ ವೆಚ್ಚಕ್ಕೆ ಹೆತ್ತವರಿಂದ ಸ್ವಂತ ಇಚ್ಛೆಯ ವಂತಿಗೆ. ಹಾಗೆಂದು ಅದು ಪ್ರಶ್ನಾತೀತವಲ್ಲ. ಪ್ರವೇಶ ನಿಯಮದಲ್ಲಿ ಜನಾಂಗ ಭೇದವಿದೆಯೆಂದು 2009ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತಿತು. 2021ರಲ್ಲಿ ಸರಕಾರಿ ತನಿಖಾಧಿಕಾರಿಗಳು ಶಾಲೆಯ ನಾಯಕತ್ವ ಸಾಲದೆಂದು ಬಹಿರಂಗವಾಗಿಯೇ ಬರೆದರು. ಮುನ್ನೂರು ವರ್ಷಗಳ ಹೆಸರು ಅಡ್ಡ ಬರಲಿಲ್ಲ.

ಇನ್ನು ನಮ್ಮ ಮನೆಯ ಮಾತು. ಸಂವಿಧಾನದ 30ನೇ ವಿಧಿಯು ಧರ್ಮದ ಅಲ್ಪಸಂಖ್ಯಾತರಂತೆ ಭಾಷಾ ಅಲ್ಪಸಂಖ್ಯಾತರಿಗೂ ಶಾಲೆ ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ಐಡೆಡ್ ಶಾಲೆಯ ಅಧ್ಯಾಪಕರಿಗೆ ಸಂಬಳ ಕೊಡುವುದು ಕೇರಳ ಸರಕಾರ, ನೇಮಿಸುವುದು ಮೇನೇಜರರು. ಅಂದರೆ ದೊಡ್ಡ ಖರ್ಚು ಸರಕಾರದ್ದೇ. ಶಾಲೆ ಯಾವುದಕ್ಕಾಗಿ ಎಂಬ ತೀರ್ಮಾನ ನಮ್ಮದು. ಕನ್ನಡ ತರಗತಿಗೆ ಕನ್ನಡ ಬಾರದವರನ್ನು ಸರಕಾರ ಕಳುಹಿಸಿದಾಗ ನಾವು ಬೀದಿಗಿಳಿಯುತ್ತೇವೆ. ಇಳಿಯಲೇಬೇಕು. ಆದರೆ ನಮ್ಮವರೇ ಕನ್ನಡ ವಿಭಾಗವನ್ನು ಸೊರಗಲು ಬಿಟ್ಟು ಪಕ್ಕದಲ್ಲೇ ಇಂಗ್ಲಿಷ್ ವಿಭಾಗಕ್ಕೆ ಬಣ್ಣ ಬಳಿಯುವಾಗ ನಾವು ಕೇಳುವುದುಂಟೇ?

ಕೇಳಲು ನಮಗೆ ಬಾಯಿಯೂ ಇರಬೇಕಲ್ಲ. ಕನ್ನಡ ಮಾಧ್ಯಮದ ಅನ್ನ ತಿನ್ನುವ ನಮ್ಮಲ್ಲೇ ಅನೇಕರ ಮಕ್ಕಳು ಇಂಗ್ಲಿಷ್ ಶಾಲೆಯ ಬಸ್ಸು ಹತ್ತುತ್ತಾರೆ. ಇದನ್ನು ಮುಚ್ಚಿಟ್ಟು ಊರವರಿಗೆ ಭಾಷಾಭಿಮಾನ ಬೋಧಿಸಿದರೆ ಯಾರು ನಂಬುತ್ತಾರೆ?

ಆದುದರಿಂದ ನಮ್ಮ ಸೂಚನೆ ಇಷ್ಟೆ. ಮೇನೇಜರರು ವರ್ಷಕ್ಕೊಮ್ಮೆ ಹೆತ್ತವರ ಮುಂದೆ ಲೆಕ್ಕಪತ್ರವನ್ನೂ ಕನ್ನಡ ವಿಭಾಗದ ಸ್ಥಿತಿಯನ್ನೂ ಇಡಲಿ. ರಕ್ಷಕ-ಶಿಕ್ಷಕ ಸಂಘವು ವಾರ್ಷಿಕೋತ್ಸವದ ಚಪ್ಪರಕ್ಕಷ್ಟೇ ಸೀಮಿತವಾಗದಿರಲಿ. ಹಳೆ ವಿದ್ಯಾರ್ಥಿಗಳು ಕೊಡುವ ಹಣ ಮಹಾದ್ವಾರಕ್ಕಲ್ಲ, ವಾಚನಾಲಯಕ್ಕೂ ದೂರದ ಮಕ್ಕಳ ವಾಹನಕ್ಕೂ ಹೋಗಲಿ. ಅಧ್ಯಾಪಕರಾದ ನಾವು ಮೊದಲು ನಮ್ಮ ಮಕ್ಕಳನ್ನು ನಾವು ಕಲಿಸುವ ತರಗತಿಯಲ್ಲಿ ಕೂರಿಸೋಣ. ಮುಂದಿನ ವರ್ಷದ ಆರನೇ ದಿನದ ಎಣಿಕೆ ಅಲ್ಲಿಂದಲೇ ಶುರುವಾಗಲಿ.