ಬಾಡಿಗೆ ಮನೆಯ ಅಡುಗೆಮನೆ: ಹೊಸ ಮಾಲೀಕರು ಮೊದಲು ಮಾಡಬೇಕಾದ ಲೆಕ್ಕ

ನಿವೃತ್ತಿಯ ಹಣದಿಂದಲೋ ವ್ಯಾಪಾರದ ಉಳಿತಾಯದಿಂದಲೋ ಫ್ಲ್ಯಾಟೊಂದನ್ನು ಕೊಂಡು ಬಾಡಿಗೆಗೆ ಕೊಡುವುದು ಮಧ್ಯಮ ವರ್ಗದ ವರ್ತಕರಿಗೂ ನೌಕರರಿಗೂ ಪ್ರಿಯವಾದ ಹೂಡಿಕೆ. ಇಂತಹ ಹೊಸ ಮಾಲೀಕರಿಗೆ ದಲ್ಲಾಳಿಗಳು ನೀಡುವ ಮೊದಲ ಸಲಹೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ: ಫ್ರಿಜ್, ಗ್ಯಾಸ್ ಒಲೆ, ಚಿಮಣಿ, ವಾಟರ್ ಪ್ಯೂರಿಫೈಯರ್ ಹಾಕಿಸಿದರೆ ಬಾಡಿಗೆ ಹೆಚ್ಚು ದೊರೆಯುತ್ತದೆ. ಬಾಡಿಗೆ ಹೆಚ್ಚುವುದು ನಿಜ. ಆದರೆ ಹೆಚ್ಚಿದ ಬಾಡಿಗೆಯೆಲ್ಲವೂ ಲಾಭವೆಂದು ಭಾವಿಸುವುದು ತಪ್ಪು.

ಮೊದಲಿಗೆ ತೆರಿಗೆಯ ಸ್ಥಿತಿಯನ್ನು ನೋಡಬೇಕು. ವಾಸದ ಮನೆಯ ಬಾಡಿಗೆಯು ‘ಗೃಹ ಆಸ್ತಿಯ ಆದಾಯ’ ಎಂಬ ಶೀರ್ಷಿಕೆಯಡಿ ಬರುತ್ತದೆ. ಮಾಲೀಕನು ಪಾವತಿಸಿದ ಪುರಸಭಾ ತೆರಿಗೆಯನ್ನು ಕಳೆದ ಮೇಲೆ ಉಳಿಯುವ ವಾರ್ಷಿಕ ಮೌಲ್ಯದಲ್ಲಿ ಶೇ. 30ರಷ್ಟು ಪ್ರಮಾಣಿತ ಕಡಿತವೂ, ಸಾಲವಿದ್ದರೆ ನಿಯಮಾನುಸಾರ ಅದರ ಬಡ್ಡಿಯೂ ದೊರೆಯುತ್ತವೆ. ಇವುಗಳ ಹೊರತಾಗಿ ಫ್ರಿಜ್ಜಿನ ಬೆಲೆಯಾಗಲಿ, ಅದರ ಸವಕಳಿಯಾಗಲಿ, ದುರಸ್ತಿಯ ಬಿಲ್ಲಾಗಲಿ ಕಡಿತಕ್ಕೆ ಅರ್ಹವಲ್ಲ. ಒಂದು ರೂಪಾಯಿಯನ್ನೂ ಖರ್ಚು ಮಾಡದ ಮಾಲೀಕನಿಗೂ ಅಡುಗೆಮನೆಯನ್ನು ಸಂಪೂರ್ಣ ಸಜ್ಜುಗೊಳಿಸಿದ ಮಾಲೀಕನಿಗೂ ಅದೇ ಶೇ. 30. 1961ರ ಕಾಯ್ದೆಯ ಈ ವ್ಯವಸ್ಥೆಯನ್ನು, 2026ರ ಏಪ್ರಿಲ್ 1ನ್ನು ಜಾರಿಯ ದಿನಾಂಕವಾಗಿ ಹೊಂದಿರುವ 2025ರ ಆದಾಯ ತೆರಿಗೆ ಕಾಯ್ದೆಯೂ ಉಳಿಸಿಕೊಂಡಿದೆ. ಉಪಕರಣಗಳನ್ನು ಕೊಳ್ಳುವಾಗ ತೆರುವ ಜಿಎಸ್‌ಟಿಯದೂ ಇದೇ ಕಥೆ. ವಾಸಕ್ಕಾಗಿ ನೋಂದಣಿಯಿಲ್ಲದ ವ್ಯಕ್ತಿಗೆ ಕೊಟ್ಟ ಮನೆಯ ಬಾಡಿಗೆಗೆ ವಿನಾಯಿತಿಯಿರುವುದರಿಂದ, ಫ್ರಿಜ್ಜಿನ ಮೇಲೆ ಕೊಟ್ಟ ಶೇ. 18 ತೆರಿಗೆಯನ್ನು ಹಿಂದಕ್ಕೆ ಪಡೆಯುವ ದಾರಿಯಿಲ್ಲ.

ಉದಾಹರಣೆಯಾಗಿ, 60,000 ರೂಪಾಯಿ ವೆಚ್ಚ ಮಾಡಿ ಅಡುಗೆಮನೆಯನ್ನು ಸಜ್ಜುಗೊಳಿಸಿ, ತಿಂಗಳಿಗೆ 1,500 ರೂಪಾಯಿ ಹೆಚ್ಚು ಬಾಡಿಗೆ ಪಡೆದರೆಂದು ಭಾವಿಸೋಣ. ಉಪಕರಣಗಳ ಬಾಳಿಕೆ ಸರಾಸರಿ ಎಂಟು ವರ್ಷವಾದರೆ ವರ್ಷದ ಸವೆತ 7,500 ರೂಪಾಯಿ. ದುರಸ್ತಿಗೆ 2,500, ಹೂಡಿದ ಹಣಕ್ಕೆ ತಪ್ಪಿಹೋದ ಬಡ್ಡಿ ಸುಮಾರು 2,000. ಒಟ್ಟು 12,000 ರೂಪಾಯಿ. ಹೆಚ್ಚುವರಿ ಬಾಡಿಗೆ ವರ್ಷಕ್ಕೆ 18,000. ಅದರಲ್ಲಿ ಶೇ. 30 ಕಡಿತ ಹೋಗಿ 12,600 ರೂಪಾಯಿಗೆ, ಶೇ. 30ರ ಹಂತದಲ್ಲಿರುವ ಮಾಲೀಕನು ಸೆಸ್ ಸೇರಿ 3,931 ರೂಪಾಯಿ ತೆರಿಗೆ ಕಟ್ಟಬೇಕು. ಕೊನೆಗೆ ಕೈಯಲ್ಲಿ ಉಳಿಯುವುದು 2,069 ರೂಪಾಯಿ ಮಾತ್ರ. ಅದೇ ಮನೆಯ ಬಾಡಿಗೆ 25,000 ಆಗಿದ್ದು, ಅದು ಒಂದು ತಿಂಗಳು ಖಾಲಿ ಬಿದ್ದರೆ ಆಗುವ ನಷ್ಟ ಈ ಲಾಭದ ಹನ್ನೆರಡು ಪಟ್ಟು.

ಈ ಅಂಕಿಗಳಿಂದ ಹೊರಡುವ ತೀರ್ಮಾನ ಸ್ಪಷ್ಟ. ಅಡುಗೆಮನೆಯ ಉಪಕರಣಗಳು ಬಾಡಿಗೆಯನ್ನು ಏರಿಸುವುದರಿಂದ ಲಾಭ ತರುವುದು ಅತ್ಯಲ್ಪ. ಮನೆ ಖಾಲಿ ಬೀಳುವ ಅವಧಿಯನ್ನು ತಗ್ಗಿಸಿದರೆ ಮಾತ್ರ ಅವು ತಮ್ಮ ಬೆಲೆಯನ್ನು ದುಡಿಯುತ್ತವೆ. ಆದುದರಿಂದ ಬಾಡಿಗೆದಾರನು ತನ್ನೊಡನೆ ಹೊತ್ತು ತರಲಾಗದ, ಗೋಡೆಗೂ ಕೊಳವೆಗೂ ಅಂಟಿಕೊಂಡಿರುವ ವಸ್ತುಗಳಿಗೆ ಮಾಲೀಕನು ಹಣ ಹಾಕಬೇಕು: ಗಟ್ಟಿಯಾದ ಕಪಾಟು, ಒಳ್ಳೆಯ ಸಿಂಕು, ಚಿಮಣಿ, ಎಕ್ಸಾಸ್ಟ್ ಫ್ಯಾನು, ಭಾರ ತಾಳುವ ವಿದ್ಯುತ್ ಪಾಯಿಂಟುಗಳು, ಸೌಲಭ್ಯವಿರುವ ಬಡಾವಣೆಯಲ್ಲಿ ಕೊಳವೆ ಅನಿಲದ ಸಂಪರ್ಕ. ಮಿಕ್ಸಿ, ಗ್ರೈಂಡರ್, ಒಲೆ ಮುಂತಾದವು ಸಂಸಾರದೊಡನೆ ಬರುವ ವಸ್ತುಗಳು. ಅವು ಬಾಡಿಗೆದಾರನವೇ ಆಗಿರಲಿ. ಫ್ರಿಜ್ ಈ ಎರಡರ ನಡುವಿನದು. ವರ್ಗಾವಣೆಯ ನೌಕರರೂ ಹೊಸದಾಗಿ ಕೆಲಸಕ್ಕೆ ಸೇರಿದ ಯುವಕರೂ ಬಾಡಿಗೆದಾರರಾಗುವ ಪ್ರದೇಶಗಳಲ್ಲಿ ಅದನ್ನು ಇಡುವುದು ಸೂಕ್ತ. ಸಂಸಾರಸ್ಥರು ಹೆಚ್ಚಾಗಿರುವಲ್ಲಿ ಅನಗತ್ಯ.

ಕೊಳ್ಳುವುದಾದರೆ ಅಗ್ಗದ್ದನ್ನು ಕೊಳ್ಳಬಾರದು. ಇಲ್ಲಿ ಒಂದು ವಿಚಿತ್ರ ಸನ್ನಿವೇಶವಿದೆ. ಫ್ರಿಜ್ಜಿನ ಬೆಲೆ ಕೊಡುವವನು ಮಾಲೀಕ, ವಿದ್ಯುತ್ ಬಿಲ್ಲು ಕಟ್ಟುವವನು ಬಾಡಿಗೆದಾರ. ಹೀಗಾಗಿ ಕಡಿಮೆ ನಕ್ಷತ್ರದ ಮಾದರಿಯನ್ನು ಆರಿಸುವ ಆಸೆ ಮಾಲೀಕನಿಗೆ ಸಹಜ. ಆದರೆ ಹಗಲಿರುಳೂ ಓಡುವ ಈ ಯಂತ್ರದ ಹೊರೆ ಬಾಡಿಗೆದಾರನಿಗೆ ಬೇಗ ತಿಳಿಯುತ್ತದೆ. ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಡಿ ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ಣ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ಅಂಚಿನಲ್ಲಿರುವ ಕುಟುಂಬವನ್ನು ಆ ಗೆರೆಯಾಚೆ ತಳ್ಳಲು ಹಳೆಯ ಫ್ರಿಜ್ಜೊಂದೇ ಸಾಕು. ಇಂಧನ ದಕ್ಷತಾ ಬ್ಯೂರೋದ ಚೀಟಿಯ ಮೇಲೆ ವಾರ್ಷಿಕ ಬಳಕೆಯ ಯೂನಿಟ್ಟುಗಳು ಮುದ್ರಿತವಾಗಿರುತ್ತವೆ. ಬೆಲೆಯ ಚೀಟಿಯೊಡನೆ ಅದನ್ನೂ ಓದಬೇಕು.

ಸುರಕ್ಷತೆಯ ವಿಷಯ ಇನ್ನೂ ಗಂಭೀರವಾದದ್ದು. ತಮ್ಮ ಮನೆಗೆ ಹೊಸ ಒಲೆ ತಂದು ಹಳೆಯದನ್ನು ಬಾಡಿಗೆ ಮನೆಗೆ ಸಾಗಿಸುವ ರೂಢಿ ಅನೇಕರಲ್ಲಿದೆ. 1872ರ ಭಾರತೀಯ ಕರಾರು ಕಾಯ್ದೆಯ 150ನೆಯ ಕಲಮಿನ ಪ್ರಕಾರ, ವಸ್ತುವನ್ನು ಬಾಡಿಗೆಗೆ ಕೊಟ್ಟವನು ಅದರ ದೋಷದಿಂದಾದ ಹಾನಿಗೆ ಹೊಣೆಗಾರ. ದೋಷ ತನಗೆ ತಿಳಿದಿರಲಿಲ್ಲವೆಂಬ ಮಾತು ಅವನನ್ನು ರಕ್ಷಿಸದು. ಸೋರುವ ಅನಿಲದ ಕೊಳವೆಯಿಂದ ಉಳಿಯುವ ಕೆಲವು ಸಾವಿರ ರೂಪಾಯಿ ಯಾರ ಪ್ರಾಣಕ್ಕೂ ಸಮವಲ್ಲ. ಐಎಸ್‌ಐ ಗುರುತಿನ ಹೊಸ ಒಲೆಯನ್ನು ಕೊಡಬೇಕು, ಇಲ್ಲವೇ ಕೊಡಲೇಬಾರದು.

ಉಪಕರಣಗಳಿಗೆ ಪ್ರತ್ಯೇಕ ಕರಾರು ಮಾಡಿಕೊಂಡು ಅವುಗಳ ಬಾಡಿಗೆಯನ್ನು ‘ಇತರ ಮೂಲಗಳ ಆದಾಯ’ವೆಂದು ತೋರಿಸುವ ಮಾರ್ಗವೂ ಉಂಟು. ಆಗ ಶೇ. 15ರ ಸವಕಳಿ ಮತ್ತು ದುರಸ್ತಿ ವೆಚ್ಚ ದೊರೆಯುತ್ತವೆ. ಮೇಲಿನ ಉದಾಹರಣೆಯಲ್ಲಿ ಮೊದಲ ವರ್ಷ ಸುಮಾರು 1,900 ರೂಪಾಯಿ ತೆರಿಗೆ ಉಳಿಯುತ್ತದೆ. ಸವಕಳಿಯು ಇಳಿಯುವ ಮೌಲ್ಯದ ಮೇಲೆ ಲೆಕ್ಕವಾಗುವುದರಿಂದ ಎಂಟನೆಯ ವರ್ಷಕ್ಕೆ ಈ ಅಂತರ ಇಲ್ಲವಾಗುತ್ತದೆ. ಆದರೆ ಹಂಚಿಕೆ ನೈಜವಾಗಿರಬೇಕು. ಮನೆಯ ಬಾಡಿಗೆಯನ್ನು ತಗ್ಗಿಸಿ ಫ್ರಿಜ್ಜಿನ ಬಾಡಿಗೆಯನ್ನು ಉಬ್ಬಿಸಿದ ಕರಾರು ಪರಿಶೀಲನೆಯಲ್ಲಿ ನಿಲ್ಲದು. ವ್ಯಾಪಾರದ ಕಾರಣ ಈಗಾಗಲೇ ತಮ್ಮ ಹೆಸರಿನಲ್ಲಿ ಜಿಎಸ್‌ಟಿ ನೋಂದಣಿಯಿರುವ ಸದಸ್ಯರು, ಪ್ರತ್ಯೇಕ ಬಾಡಿಗೆಗೆ ಆ ತೆರಿಗೆ ತಗಲುವುದನ್ನೂ ಮೊದಲೇ ಪರಿಶೀಲಿಸಬೇಕು. ಮನೆ ಮತ್ತು ಸಾಮಾನು ಬೇರ್ಪಡಿಸಲಾಗದ ಒಂದೇ ಬಾಡಿಗೆ ಎಂದು ಹೇಳುವವರಿಗೆ, ಉಭಯ ಪಕ್ಷಗಳ ಉದ್ದೇಶವೇನೆಂಬುದೇ ಒರೆಗಲ್ಲೆಂದು ಸುಲ್ತಾನ್ ಬ್ರದರ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿರುವುದು ನೆನಪಿರಲಿ. ಸಾಧಾರಣ ಸಂಸಾರದ ಮನೆಯಲ್ಲಿ ಫ್ರಿಜ್ಜೊಂದನ್ನು ಇಟ್ಟ ಮಾತ್ರಕ್ಕೆ ಈ ಒರೆಗಲ್ಲನ್ನು ದಾಟುವುದು ಕಷ್ಟ.

ಯಾವ ಮಾರ್ಗ ಹಿಡಿದರೂ ಬರವಣಿಗೆ ಅನಿವಾರ್ಯ. ಕೆಟ್ಟ ಉಪಕರಣದ ದುರಸ್ತಿ ಯಾರ ಪಾಲಿನದೆಂಬುದೇ ಮನೆ ಬಿಡುವ ದಿನ ಅಡ್ವಾನ್ಸಿನ ಜಗಳಕ್ಕೆ ಮೂಲ. 2021ರಲ್ಲಿ ಕೇಂದ್ರ ಸಂಪುಟ ಅಂಗೀಕರಿಸಿದ ಮಾದರಿ ಬಾಡಿಗೆ ಕಾಯ್ದೆಯು, ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ ಅಡುಗೆಮನೆಯ ಜೋಡಣೆಗಳ ಮತ್ತು ಗೀಸರಿನ ದುರಸ್ತಿಯನ್ನು ಬಾಡಿಗೆದಾರನ ಪಾಲಿಗೆ ಸೇರಿಸಿದೆ. ಅದು ರಾಜ್ಯಗಳಿಗೆ ಮಾದರಿ ಮಾತ್ರವಾದುದರಿಂದ ಕರಾರಿನಲ್ಲಿಯೇ ಎಲ್ಲವನ್ನೂ ನಮೂದಿಸುವುದು ಕ್ಷೇಮ. ಪ್ರತಿ ಉಪಕರಣದ ಕ್ರಮಸಂಖ್ಯೆ, ಕೊಂಡ ದಿನಾಂಕ, ಖಾತರಿ ಅವಧಿ, ಈಗಿನ ಸ್ಥಿತಿ, ದುರಸ್ತಿಯ ಹೊಣೆ ಇವುಗಳ ಪಟ್ಟಿಗೆ ಇಬ್ಬರೂ ಸಹಿ ಹಾಕಬೇಕು. ಸಹಜ ಸವೆತಕ್ಕೆ ಅಡ್ವಾನ್ಸಿನಿಂದ ಹಣ ಮುರಿದುಕೊಳ್ಳುವುದಿಲ್ಲವೆಂಬ ಮಾತೂ ಅದರಲ್ಲಿರಬೇಕು.

ಅಂಗಡಿಯ ದಾಸ್ತಾನಿಗೆ ಲೆಕ್ಕವಿಡುವ ವರ್ತಕನು ತನ್ನ ಬಾಡಿಗೆ ಮನೆಯ ಅಡುಗೆಮನೆಗೂ ಒಂದು ಪುಟವನ್ನು ಮೀಸಲಿಡುವುದು ಕಷ್ಟವಲ್ಲ. ಆ ಪುಟದ ಮೊದಲ ಸಾಲನ್ನು ಉಪಕರಣ ಕೊಳ್ಳುವ ಮುನ್ನವೇ ಬರೆದರೆ, ಕೊಳ್ಳಬೇಕಾದ ವಸ್ತುಗಳ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ.