ಮೊದಲ ಹಾರಾಟಕ್ಕೆ ಯಾರ ಕೃಪೆ ಬೇಕು?

ಟೆರೇಸಿನ ಮೇಲೆ ವಿಮಾನ ಕಟ್ಟಿದ ಕ್ಯಾಪ್ಟನ್ ಅಮೋಲ್ ಯಾದವ್ ಅವರ ಕತೆ ವಾಟ್ಸಾಪಿನಲ್ಲಿ ಬಂದಾಗಲೆಲ್ಲ ಕೆಳಗೊಂದು ಸಾಲು ಇದ್ದೇ ಇರುತ್ತದೆ: ಛಲವಿದ್ದರೆ ಏನೂ ಅಸಾಧ್ಯವಲ್ಲ. ನನಗೆ ಈ ಸಾಲು ಕಂಡರೆ ಸಿಟ್ಟು. ರೆಕ್ಕೆ ಜೋಡಿಸಲು ಛಲ ಬೇಕು, ಸರಿ. ಅರ್ಜಿ ಮುಂದಕ್ಕೆ ಹೋಗಲೂ ಛಲವೇ ಬೇಕೆಂದರೆ ಅದರಲ್ಲಿ ಹೆಮ್ಮೆಪಡುವುದೇನಿದೆ?

ಲೆಕ್ಕ ನೋಡಿ. ಕಾಂದಿವಲಿಯ ಟೆರೇಸಿನಲ್ಲಿ ತಯಾರಾದ ಆರು ಸೀಟಿನ ಟಿಎಸಿ-003 ವಿಮಾನ 2016ರ ಫೆಬ್ರವರಿಯಲ್ಲಿ ಬಾಂದ್ರಾ-ಕುರ್ಲಾದ ಮೇಕ್ ಇನ್ ಇಂಡಿಯಾ ಮೇಳಕ್ಕೆ ಬಂತು. ನೋಂದಣಿಯಾದದ್ದು 2017ರ ನವೆಂಬರಿನಲ್ಲಿ. ಹಾರಲು ಡಿಜಿಸಿಎ ಪರ್ಮಿಟ್ ಕೊಟ್ಟದ್ದು 2019ರ ಅಕ್ಟೋಬರಿನಲ್ಲಿ. ಧುಳೆಯಲ್ಲಿ ನೆಲ ಬಿಟ್ಟದ್ದು 2020ರಲ್ಲಿ. ಈ ನಡುವೆ, 2018ರಲ್ಲಿ, ಮಹಾರಾಷ್ಟ್ರ ಸರಕಾರ ಅವರ ಕಂಪನಿಯ ಜೊತೆ ಪಾಲಘರದ ಕಾರ್ಖಾನೆಗಾಗಿ 35,000 ಕೋಟಿ ರೂಪಾಯಿಯ ಒಪ್ಪಂದಕ್ಕೆ ಸಹಿ ಹಾಕಿತ್ತು! ಒಂದಡಿ ಮೇಲೇಳಲು ಅನುಮತಿಯಿಲ್ಲದ ವಿಮಾನಕ್ಕೆ ಕಾರ್ಖಾನೆಯ ಒಪ್ಪಂದ ಮಾತ್ರ ಸಿದ್ಧ.

ಅದರ ನೋಂದಣಿ ಅಕ್ಷರ ವಿಟಿ-ಎನ್‌ಎಂಡಿ. ಎನ್‌ಎಂ ಅಂದರೆ ನರೇಂದ್ರ ಮೋದಿ, ಡಿ ಅಂದರೆ ದೇವೇಂದ್ರ ಫಡ್ನವೀಸ್. ಯಾದವ್ ಅವರ ಕೃತಜ್ಞತೆಯನ್ನು ನಾನು ಆಡಿಕೊಳ್ಳುವುದಿಲ್ಲ. ಆದರೆ ಪ್ರಧಾನಿ, ಮುಖ್ಯಮಂತ್ರಿ ಕೈಹಾಕಿದ ಮೇಲೇ ಫೈಲು ಅಲುಗುವುದಾದರೆ ಎರಡನೆಯ ಯಾದವ್ ಯಾರ ಬಾಗಿಲು ತಟ್ಟಬೇಕು?

ಸುರಕ್ಷತೆ ಬೇಡವೇ ಎನ್ನುತ್ತೀರಿ. ಬೇಕು. ಮನೆಯಲ್ಲಿ ಕಟ್ಟಿದ ವಿಮಾನಗಳ ಅಪಘಾತದ ಪ್ರಮಾಣ ಅಮೆರಿಕದಲ್ಲೂ ಹೆಚ್ಚೇ. ಹಾಗೆಂದು ಅವರು ಬಾಗಿಲು ಮುಚ್ಚಲಿಲ್ಲ. ಅರ್ಧಕ್ಕಿಂತ ಹೆಚ್ಚು ಕೆಲಸ ನೀವೇ ಮಾಡಿರಬೇಕು, ಕಿಟ್ ತಂದರೂ ಅಷ್ಟೇ. ತಪಾಸಣೆಯಾದ ಮೇಲೆ ಗೊತ್ತುಮಾಡಿದ ಪ್ರದೇಶದೊಳಗೆ, ಪ್ರಯಾಣಿಕರಿಲ್ಲದೆ, ಸಾಮಾನ್ಯವಾಗಿ 25ರಿಂದ 40 ಗಂಟೆ ಹಾರಿಸಿ ತೋರಿಸಬೇಕು. ಅಂದರೆ ಮೊದಲ ಹಾರಾಟವೇ ಪರೀಕ್ಷೆಯ ಮೊದಲ ಪಾಠ. ಹಾರದ ವಿಮಾನದ ಗುಣದೋಷವನ್ನು ಮೇಜಿನ ಮೇಲೆ ಎಷ್ಟು ವರ್ಷ ಇಟ್ಟುಕೊಂಡರೂ ಪೂರ್ತಿ ತಿಳಿಯಲಾಗದು.

ಇದು ಹುಚ್ಚರ ಹವ್ಯಾಸ ಎನ್ನುವವರಿಗೆ ಬೆಂಗಳೂರಿನ ಎನ್‌ಎಎಲ್ ನೆನಪಿಲ್ಲ. ಮನೆಯಲ್ಲಿ ಕಟ್ಟುವವರಿಗೆಂದೇ ಬರ್ಟ್ ರುಟಾನ್ ವಿನ್ಯಾಸ ಮಾಡಿದ ಲಾಂಗ್ ಈಝೀ ಮಾದರಿಯ ವಿಮಾನವನ್ನು ನಮ್ಮ ವಿಜ್ಞಾನಿಗಳು 1980ರ ದಶಕದಲ್ಲಿ ಕಟ್ಟಿ ಹಾರಿಸಿದರು. ಕಾಂಪೊಸಿಟ್ ಕೆಲಸಕ್ಕೆ ಕೈ ಪಳಗಿತು. 1993ರಲ್ಲಿ ಹಂಸ ಹಾರಿತು. ಸರಕಾರಿ ಪ್ರಯೋಗಾಲಯ ಹವ್ಯಾಸಿಗಳ ವಿನ್ಯಾಸದಿಂದ ಕಲಿಯಬಹುದು, ಹವ್ಯಾಸಿ ಮಾತ್ರ ಕಾಯುತ್ತ ಕೂರಬೇಕು.

ನಾನಿರುವ ರಬಾಳೆಯ ಎಂಐಡಿಸಿಯಲ್ಲಿ ಶೆಡ್ಡಿಗೊಂದು ಲೇತ್, ಮಿಲ್ಲಿಂಗ್ ಮೆಷಿನ್ನು. ಡ್ರಾಯಿಂಗ್ ಕೊಟ್ಟರೆ ಅಲ್ಯೂಮಿನಿಯಮ್ಮಿನಲ್ಲಿ ಬ್ರ್ಯಾಕೆಟ್ ಮಾಡಿಕೊಡುವ ಕೈಗಳಿಗೆ ಇಲ್ಲಿ ಬರವಿಲ್ಲ. 2025ರಲ್ಲಿ ನವಿ ಮುಂಬಯಿಗೆ ಹೊಸ ವಿಮಾನ ನಿಲ್ದಾಣವೂ ಬಂತು. ಟಿಕೆಟ್ ಕೊಂಡು ಹತ್ತುವವರಿಗೆ ಅದು ಸಾಕು. ಕಟ್ಟುವವರಿಗೆ ಬೇಕಾದದ್ದು ಊರಾಚೆ ಖಾಲಿ ಬಯಲಿನ ಒಂದು ರನ್‌ವೇ, ತಪಾಸಣೆಗೆ ಬರುವ ಎಂಜಿನಿಯರ್, ಜೊತೆಗೆ ಅರ್ಜಿಗೆ ಇಷ್ಟು ದಿನದೊಳಗೆ ಉತ್ತರ ಕೊಡಲೇಬೇಕೆಂಬ ನಿಯಮ. ಉತ್ತರ 'ಇಲ್ಲ' ಎಂದಿದ್ದರೂ ಪರವಾಗಿಲ್ಲ, ಯಾವ ಬೋಲ್ಟು ಸರಿಯಿಲ್ಲವೆಂದು ಬರೆದು ಕೊಡಲಿ.