ಯೂನಿಫಾರ್ಮ್ ಇಲ್ಲದವರ ಐದು ನಿಮಿಷ

"ಮಿಲ್ಟ್ರೀಲಿ ಇದೀನಿ ಅಂತೀಯ, ಹೊಟ್ಟೆ ಯಾಕ್ಲಾ ಹಿಂಗ್ ಬಂದದೆ?" ಮಾರನಹಳ್ಳಿಗೆ ಹೋದಾಗಲೆಲ್ಲ ಚಿಕ್ಕಪ್ಪ ಕೇಳೋ ಪ್ರಶ್ನೆ ಇದು. ದಿನಾ ಕಾಫಿ ತೋಟದ ಏರು ಹತ್ತಿ ಇಳಿಯೋ ಅವರಿಗೆ ಮಿಲ್ಟ್ರಿ ಅಂದ್ರೆ ಗನ್ನು, ಪರೇಡು. ನಾನು ಬೆಂಗಳೂರಿನಲ್ಲಿ ರಕ್ಷಣಾ ಇಲಾಖೆಯ ಸಿವಿಲಿಯನ್ ಗುಮಾಸ್ತ. ನನ್ನ ಆಯುಧ ಕೀಬೋರ್ಡು.

ನಮ್ಮಂಥವರು ಬಹಳ ಮಂದಿ ಇದ್ದಾರೆ. ಎಂಇಎಸ್‌ನ ಎಲೆಕ್ಟ್ರಿಷಿಯನ್‌ಗಳು, ಹಲಸೂರಿನ 515 ಆರ್ಮಿ ಬೇಸ್ ವರ್ಕ್‌ಶಾಪ್‌ನವರು, ಕಾರವಾರ ನೌಕಾನೆಲೆಯ ರಿಪೇರಿ ಯಾರ್ಡ್‌ನವರು, ಡಿಆರ್‌ಡಿಒ ಲ್ಯಾಬ್‌ನವರು. ಸೈನಿಕನಿಗೆ ಆಗಾಗ ದೈಹಿಕ ಕ್ಷಮತೆಯ ಪರೀಕ್ಷೆ ಇದೆ. ನಮಗೆ ಕೆಲಸಕ್ಕೆ ಸೇರುವಾಗ ಒಂದು ಮೆಡಿಕಲ್, ಆಮೇಲೆ ಕುರ್ಚಿ.

ಸರ್ಕಾರ ಸುಮ್ಮನೆ ಕೂತಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಆಯುಷ್ ಸಚಿವಾಲಯದ 'ವೈ-ಬ್ರೇಕ್' ಆ್ಯಪ್ ಬಂತು. ನೌಕರರು ಇದನ್ನು ಬಳಸುವಂತೆ ಉತ್ತೇಜಿಸಿ ಅಂತ ಸಿಬ್ಬಂದಿ ಇಲಾಖೆ ಎಲ್ಲ ಸಚಿವಾಲಯಗಳಿಗೂ ಬರೆಯಿತು. ಇರೋದು ಐದೇ ನಿಮಿಷ: ತಾಡಾಸನ, ಭುಜ ತಿರುಗಿಸೋದು, ಕಟಿಚಕ್ರಾಸನ, ನಾಡಿಶೋಧನ, ಭ್ರಾಮರಿ. ಚಾಪೆ ಬೇಡ, ಬಟ್ಟೆ ಬದಲಿಸೋದು ಬೇಡ.

ಆದರೂ ನಮ್ಮ ಸೆಕ್ಷನ್‌ನಲ್ಲಿ ಯಾರೂ ಏಳ್ತಿರಲಿಲ್ಲ. ಕಾರಣ ಸೋಮಾರಿತನ ಅಲ್ಲ, ಸಂಕೋಚ. ಫೈಲು ಬಾಕಿ ಇರುವಾಗ ಕೈ ಎತ್ತಿ ನಿಂತವನಿಗೆ "ಏನ್ರೀ, ಕೆಲಸ ಇಲ್ವಾ?" ಅನ್ನೋ ಮಾತು ಗ್ಯಾರಂಟಿ. ಪಕ್ಕದ ಟೇಬಲ್ಲಿನ ಗೆಳೆಯನಿಗೆ 34ಕ್ಕೇ ಶುಗರ್ ಬಂದಾಗ ಆ ಸಂಕೋಚ ಮುರಿಯಿತು. ಬೆಳಿಗ್ಗೆ 11:30ಕ್ಕೆ ನಾವಿಬ್ಬರೂ ಎದ್ದು ನಿಂತೆವು. ಮೊದಲ ವಾರ ನಗು. ಎರಡನೇ ವಾರ ಮೇಡಂ ಒಬ್ಬರು ಬಂದು ಸೇರಿದರು. ಈಗ ಏಳು ಜನ.

ಇಷ್ಟೇ ಸಾಕಾ? ಲೆಕ್ಕ ಹಾಕಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷ, ಅದೂ ಚುರುಕು ನಡಿಗೆಯಂಥ ಚಟುವಟಿಕೆ. ಐದು ದಿನದ ವೈ-ಬ್ರೇಕ್ ಒಟ್ಟು 25 ನಿಮಿಷ. ಅದರಲ್ಲಿ ಉಸಿರಾಟವೂ ಸೇರಿದೆ. ಬೆನ್ನಿಗೆ, ಮನಸ್ಸಿಗೆ ಹಿತ, ಶುಗರ್‌ಗೆ ನಡೆಯಲೇಬೇಕು. ಆ ಹೊತ್ತು ಎಲ್ಲಿಂದ ತರೋದು? ಬಸ್ಸು, ಟ್ರಾಫಿಕ್ಕು, ಮಗುವಿನ ಹೋಂವರ್ಕ್ ಮುಗಿಯುವಷ್ಟರಲ್ಲಿ ರಾತ್ರಿ.

ಅಮೆರಿಕದ ಸೇನೆ ಇದಕ್ಕೊಂದು ದಾರಿ ಮಾಡಿತ್ತು. ಮೇಲಧಿಕಾರಿ ಒಪ್ಪಿದರೆ ಸಿವಿಲಿಯನ್ ನೌಕರರಿಗೆ ವಾರಕ್ಕೆ 3 ಗಂಟೆವರೆಗೆ, ಆರು ತಿಂಗಳು, ಡ್ಯೂಟಿ ಹೊತ್ತಿನಲ್ಲೇ ವ್ಯಾಯಾಮ. ಅಭ್ಯಾಸ ಅಂಟಲಿ ಅನ್ನೋದು ಉದ್ದೇಶ. ನಮಗೆ ಬೇಕಿರೋದೂ ಅದೇ. ಇನ್ನೊಂದು ಆ್ಯಪ್ ಅಲ್ಲ, ಯಾರೂ ಪ್ರಶ್ನೆ ಮಾಡದ ಸ್ವಲ್ಪ ಹೊತ್ತು.

ಅಲ್ಲಿ ತನಕ ನಾವೇ ಎದ್ದು ನಿಲ್ಲೋಣ. ನಿಮ್ಮ ಆಫೀಸಿನಲ್ಲಿ ಮೊದಲು ಏಳೋರು ಯಾರು?